ಮನೆಯಂಗಳದಲ್ಲಿ ಅಂಗಬಲದ ಪರೀಕ್ಷೆ

ಎತ್ತುಗಳನ್ನು ಕೊಳ್ಳಲು ಸಂತೆಗೆ ಹೋದ ರೈತನು ಅವುಗಳ ಬಾಯಿ ತೆರೆದು ಹಲ್ಲುಗಳನ್ನು ಎಣಿಸುವನು. ಗೊರಸುಗಳನ್ನು ತಟ್ಟಿ ನೋಡುವನು. ಹತ್ತಾರು ಹೆಜ್ಜೆ ನಡೆಯಿಸಿ, ನಡಿಗೆಯಲ್ಲಿ ಕುಂಟಿದೆಯೋ ಎಂದು ಹಿಂದಿನಿಂದ ನಿಟ್ಟಿಸುವನು. ಇಷ್ಟೆಲ್ಲ ಎಚ್ಚರವು ಒಂದು ಮೂಕಪ್ರಾಣಿಯ ವಿಷಯದಲ್ಲಿ. ಆದರೆ ಅದೇ ರೈತನ ಮಗನು ಜಾತ್ರೆಯ ಕುಸ್ತಿಗೆ ಇಳಿಯುವಾಗಲಾಗಲಿ, ಸೈನ್ಯದ ಭರ್ತಿಗೆಂದು ಬೆಳಗಾವಿಗೆ ಹೊರಡುವಾಗಲಾಗಲಿ, ಮಗಳು ಶಾಲೆಯ ಓಟದ ಪಂದ್ಯಕ್ಕೆ ಹೆಸರು ಕೊಟ್ಟಾಗಲಾಗಲಿ, ಅವರ ಎದೆಯ ಬಡಿತವೆಷ್ಟು, ಉಸಿರಿನ ದಮ್ಮು ಎಷ್ಟು, ದಣಿದ ಮೇಲೆ ಎಷ್ಟು ಹೊತ್ತಿಗೆ ಸುಧಾರಿಸಿಕೊಳ್ಳುವರು ಎಂಬುದನ್ನು ಮನೆಯವರಲ್ಲಿ ಯಾರೂ ನೋಡಿರುವುದಿಲ್ಲ. ನೋಡಬೇಕಾದರೆ ದೊಡ್ಡ ಪಟ್ಟಣದ ಯಂತ್ರಗಳು ಬೇಕೆಂಬ ತಿಳಿವಳಿಕೆಯೇ ಇದಕ್ಕೆ ಕಾರಣವು. ಈ ತಿಳಿವಳಿಕೆಯು ಸರಿಯಲ್ಲವೆಂದು ತೋರಿಸಿ, ಮನೆಯಲ್ಲಿರುವ ಸಾಮಾನುಗಳಿಂದಲೇ ಈ ಪರೀಕ್ಷೆಯನ್ನು ನಡೆಯಿಸುವ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ಅಂಗಸಾಧನೆಯು ಹೊಸ ಮಾತಲ್ಲ. ೧೮೨೪ನೆಯ ಅಕ್ಟೋಬರ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಸೈನ್ಯವು ಸೋತು, ಕಲೆಕ್ಟರ ಥ್ಯಾಕರೆಯು ಮಡಿದನು. ಮುಂದೆ ಕೋಟೆಯು ಬಿದ್ದು, ರಾಣಿ ಚೆನ್ನಮ್ಮನವರು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು ೧೮೨೯ರಲ್ಲಿ ತೀರಿಕೊಂಡರು. ಅವರ ಸಮಾಧಿಯು ಇಂದಿಗೂ ಈ ಊರಿನ ನಡುವೆ ಇರುತ್ತದೆ. ಬಳಿಕ ಅಡವಿ ಗುಡ್ಡಗಳನ್ನು ಕಾಲ್ನಡೆಯಿಂದ ಸುತ್ತಿ ಕಂಪನಿಯನ್ನು ಕಾಡಿದ ರಾಯಣ್ಣನು ಇದೇ ತಾಲೂಕಿನ ಸಂಗೊಳ್ಳಿಯವನು. ೧೮೩೧ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹೆಣ್ಣುಮಕ್ಕಳಿಗಾಗಿ ಕಿತ್ತೂರಿನಲ್ಲಿ ಸೈನಿಕ ವಸತಿ ಶಾಲೆಯು ೧೯೬೯ರಲ್ಲಿ ಸ್ಥಾಪಿತವಾಯಿತು. ಇಂಥ ನೆಲದಲ್ಲಿ ದೇಹಬಲದ ಅಭಿಮಾನವನ್ನು ಯಾರೂ ಕಲಿಸಬೇಕಾದುದಿಲ್ಲ. ಅದನ್ನು ಅಳೆಯುವ ಬಗೆಯನ್ನು ಮಾತ್ರ ಕಲಿಯಬೇಕಾಗಿದೆ.

ಹಿರಿಯರ ಪರೀಕ್ಷೆಗಳು

ನಮ್ಮ ಹಿರಿಯರು ಅಳೆಯದೆ ಇರಲಿಲ್ಲ. ಗರಡಿಮನೆಯ ಮುಂದೆಯೋ ಹಣಮಪ್ಪನ ಗುಡಿಯ ಬದಿಗೋ ಬಿದ್ದಿರುವ ಸಂಗ್ರಾಣಿ ಕಲ್ಲು, ಗುಂಡುಕಲ್ಲು ಇವೇ ಅವರ ಅಳತೆಯ ಸಾಧನಗಳು. ಕಲ್ಲನ್ನು ಮೊಣಕಾಲಿಗೆ ತಂದವನು ಒಂದು ಪಂಕ್ತಿ, ಎದೆಗೆ ತಂದವನು ಇನ್ನೊಂದು ಪಂಕ್ತಿ, ಹೆಗಲಿನ ಮೇಲಿಂದ ಹಿಂದಕ್ಕೆ ಒಗೆದವನು ಊರಿಗೇ ಜಟ್ಟಿ. ಜೋಳದ ಚೀಲವನ್ನು ಹೊತ್ತು ನಡೆಯುವ ಪಂದ್ಯಗಳೂ, ನಾಗರಪಂಚಮಿಯ ದಿನ ನಿಂಬೆಯ ಹಣ್ಣನ್ನು ಇಂತಿಷ್ಟು ಎಸೆತಗಳಲ್ಲಿ ಇಂಥ ಗಡಿ ಮುಟ್ಟಿಸಬೇಕೆಂಬ ಪೈಜುಗಳೂ ಇದೇ ಜಾತಿಯವು. ಇವುಗಳಿಗೆ ಯಂತ್ರವಿಲ್ಲ, ಖರ್ಚಿಲ್ಲ, ಸುಳ್ಳಿಗೆ ಎಡೆಯಿಲ್ಲ. ಇಡೀ ಊರೇ ಸಾಕ್ಷಿ.

ಆದರೆ ಇವುಗಳಲ್ಲಿ ಎರಡು ಕೊರತೆಗಳಿವೆ. ಕಲ್ಲು ಎತ್ತುವವನ ತೋಳು, ಬೆನ್ನುಗಳ ಬಲವನ್ನು ಅದು ಹೇಳುತ್ತದೆಯೇ ಹೊರತು, ಅವನ ಹೃದಯದ ಸ್ಥಿತಿಯನ್ನು ಹೇಳುವುದಿಲ್ಲ. ಕಲ್ಲೆತ್ತಿ ಮೀಸೆ ತಿರುವಿದವನೇ ಒಂದು ಮೈಲಿನ ಓಟದಲ್ಲಿ ಏದುಸಿರು ಬಿಡುವುದನ್ನು ಎಲ್ಲರೂ ಕಂಡಿದ್ದಾರೆ. ಎರಡನೆಯದಾಗಿ, ಪಂದ್ಯವು ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುತ್ತದೆ. ಒಬ್ಬನನ್ನು ಅವನ ಮೊನ್ನಿನ ಸ್ಥಿತಿಯೊಡನೆ ಹೋಲಿಸುವುದಿಲ್ಲ. ಜ್ವರದಿಂದ ಎದ್ದು ಎಂಟು ದಿನವಾದ ಹುಡುಗನು ಗೆಳೆಯರ ಕೇಕೆಗೆ ಉಬ್ಬಿ ಚೀಲಕ್ಕೆ ಕೈ ಹಾಕುವುದು ಇದರಿಂದಲೇ.

ಈ ಅಜಾಗರೂಕತೆಯ ಬೆಲೆಯು ಸಣ್ಣದಲ್ಲ. ೨೦೨೪ನೆಯ ಆಗಸ್ಟ ತಿಂಗಳಿನಲ್ಲಿ ಝಾರಖಂಡ ರಾಜ್ಯದಲ್ಲಿ ಅಬಕಾರಿ ಪೇದೆಗಳ ಭರ್ತಿಯು ನಡೆದಾಗ, ೧೦ ಕಿಲೋಮೀಟರಿನ ಓಟದ ಪರೀಕ್ಷೆಗೆ ನಿಂತವರಲ್ಲಿ ಹತ್ತಕ್ಕೂ ಹೆಚ್ಚು ತರುಣರು ಪ್ರಾಣ ಕಳೆದುಕೊಂಡರು. ಆಗಸ್ಟದ ಸೆಕೆ, ದೀರ್ಘವಾದ ಓಟ, ನೌಕರಿಯ ಆಶೆ ಇವು ಮೂರೂ ಕೂಡಿದ್ದವು. ನಮ್ಮ ಹಳ್ಳಿಗಳ ತರುಣರೂ ವರ್ಷ ವರ್ಷವೂ ಸೈನ್ಯದ ೧.೬ ಕಿಲೋಮೀಟರಿನ ಓಟಕ್ಕೆ, ಬೀಮಿನ ಎಳೆತಕ್ಕೆ, ೯ ಅಡಿಯ ಕಂದಕದ ಜಿಗಿತಕ್ಕೆ ಹೋಗಿ ನಿಲ್ಲುವರು. ಮೈದಾನಕ್ಕೆ ಹೋದ ಮೇಲೆ ಗೊತ್ತಾಗಬೇಕಾದುದು ಜಯಾಪಜಯವು ಮಾತ್ರ. ದೇಹವು ಆ ಶ್ರಮವನ್ನು ತಡೆಯಬಲ್ಲದೋ ಇಲ್ಲವೋ ಎಂಬುದು ಮನೆಯಲ್ಲಿಯೇ, ತಿಂಗಳುಗಟ್ಟಲೆ ಮೊದಲೇ, ಗೊತ್ತಾಗಿರಬೇಕು.

ಸರಳ ಪರೀಕ್ಷೆಯನ್ನು ತುಚ್ಛವೆಂದು ಎಣಿಸುವವರಿಗೆ ಒಂದು ದೃಷ್ಟಾಂತವನ್ನು ಕೊಡುವೆವು. ೧೯೪೦ರ ದಶಕದಲ್ಲಿ ಕ್ರಾಸ ಮತ್ತು ವೇಬರ ಎಂಬ ಇಬ್ಬರು ವೈದ್ಯರು ಮಕ್ಕಳಿಗಾಗಿ ಆರು ಚಿಕ್ಕ ಪರೀಕ್ಷೆಗಳನ್ನು ಗೊತ್ತುಪಡಿಸಿದರು. ಅಂಗಾತ ಮಲಗಿ ಎದ್ದು ಕೂಡುವುದು, ಬೋರಲಾಗಿ ಮಲಗಿ ಎದೆ ಎತ್ತುವುದು, ಮೊಣಕಾಲು ಬಾಗಿಸದೆ ನೆಲ ಮುಟ್ಟುವುದು, ಇಂಥವೇ ಅವು. ಬೇಕಾದದ್ದು ಒಂದು ಹಾಸಿಗೆಯಷ್ಟೇ. ಅವುಗಳಲ್ಲಿ ಯುರೋಪಿನ ಮಕ್ಕಳಲ್ಲಿ ೧೦೦ಕ್ಕೆ ಸುಮಾರು ೯ ಜನರು ತಪ್ಪಿದರೆ, ಸಂಪದ್ಭರಿತವಾದ ಅಮೇರಿಕೆಯ ಮಕ್ಕಳಲ್ಲಿ ೧೦೦ಕ್ಕೆ ಸುಮಾರು ೫೮ ಜನರು ತಪ್ಪಿದರು. ಈ ಸಂಖ್ಯೆಯಿಂದ ಎಚ್ಚತ್ತು ಅಧ್ಯಕ್ಷ ಐಸೆನಹೋವರನು ೧೯೫೬ರಲ್ಲಿ ತರುಣರ ದೇಹದಾರ್ಢ್ಯಕ್ಕಾಗಿ ಒಂದು ಮಂಡಳಿಯನ್ನೇ ನಿರ್ಮಿಸಿದನು. ನಮ್ಮ ದೇಶದಲ್ಲಿಯೂ ೨೦೧೯ನೆಯ ಆಗಸ್ಟ ೨೯ರಂದು ಆರಂಭವಾದ ‘ಫಿಟ್ ಇಂಡಿಯಾ’ ಚಳುವಳಿಯು ಶಾಲೆಯ ಮಕ್ಕಳಿಗೆ ಗೊತ್ತುಪಡಿಸಿದ ಪರೀಕ್ಷೆಗಳು ೫೦ ಮೀಟರು ಮತ್ತು ೬೦೦ ಮೀಟರು ಓಟ, ಕುಳಿತು ಕೈಚಾಚುವುದು, ದಂಡ ಹೊಡೆಯುವುದು ಮೊದಲಾದ ಸಾದಾ ಕೆಲಸಗಳೇ ಆಗಿವೆ.

ಯಾರು ಪರೀಕ್ಷೆಗೆ ನಿಲ್ಲಬಾರದು?

ಮೊದಲು ಬಾಯಿಮಾತಿನ ಪರೀಕ್ಷೆಯಾಗಲಿ. ಮನೆಯ ಹಿರಿಯರು ಈ ಪ್ರಶ್ನೆಗಳನ್ನು ಕೇಳತಕ್ಕದ್ದು: ಓಡುವಾಗ ಇಲ್ಲವೆ ಭಾರ ಎತ್ತುವಾಗ ಎಂದಾದರೂ ಎದೆ ನೊಂದಿದೆಯೇ? ಶ್ರಮದ ನಡುವೆ ಕಣ್ಣು ಕತ್ತಲೆಗೂಡಿ ಬಿದ್ದದ್ದುಂಟೇ? ಕಾರಣವಿಲ್ಲದೆ ಎದೆಯು ಹೊಡೆದುಕೊಳ್ಳುವುದೇ? ರಕ್ತದ ಒತ್ತಡಕ್ಕೆ ಇಲ್ಲವೆ ಹೃದಯಕ್ಕೆ ಔಷಧವು ನಡೆದಿದೆಯೇ? ಕೀಲುಗಳ ನೋವಿದೆಯೇ? ವಂಶದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿಯೇ ತಟ್ಟನೆ ತೀರಿಕೊಂಡದ್ದುಂಟೇ? ಇವುಗಳಲ್ಲಿ ಒಂದಕ್ಕಾದರೂ ಹೌದೆಂದು ಉತ್ತರ ಬಂದರೆ, ವೈದ್ಯರು ಪರೀಕ್ಷಿಸಿ ಅಪ್ಪಣೆ ಕೊಡುವ ತನಕ ಮುಂದಿನ ಯಾವ ಕಠಿಣ ಪರೀಕ್ಷೆಯನ್ನೂ ಮಾಡಕೂಡದು. ಕೊನೆಯ ಪ್ರಶ್ನೆಯನ್ನು ಹುಡುಗರು ಉತ್ತರಿಸಲಾರರು, ಅಜ್ಜಿಯನ್ನು ಕೇಳಬೇಕು. ಮನೆಯ ವೈದ್ಯಕೀಯ ಇತಿಹಾಸವೆಲ್ಲ ಅವಳ ನೆನಪಿನಲ್ಲಿರುತ್ತದೆ.

ಜ್ವರ, ಕೆಮ್ಮು, ಭೇದಿಗಳಿದ್ದಾಗಲೂ, ಅವು ನಿಂತು ಮೈಯಲ್ಲಿ ಕಸುವು ಬರುವ ತನಕವೂ ಪರೀಕ್ಷೆಯು ಬೇಡ. ಬಸುರಿಯರು ಇದಕ್ಕೆ ಇಳಿಯಬಾರದು. ನಲವತ್ತು ದಾಟಿದವರು ಕಟ್ಟೆಯ ಪರೀಕ್ಷೆಯನ್ನೂ ೧೨ ನಿಮಿಷದ ಓಟವನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ಉಂಡು ಎರಡು ತಾಸಾದರೂ ಕಳೆದಿರಬೇಕು; ಚಹಾ, ತಂಬಾಕುಗಳು ನಾಡಿಯನ್ನು ಏರಿಸುವುದರಿಂದ ಪರೀಕ್ಷೆಗೆ ಮುಂಚೆ ವರ್ಜ್ಯವು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳುಗಳ ಬಿಸಿಲಿನಲ್ಲಿ ಸೂರ್ಯೋದಯದ ಹೊತ್ತಿನ ಹೊರತು ಬೇರೆ ಹೊತ್ತಿನಲ್ಲಿ ಓಡಿಸಬಾರದು. ಪರೀಕ್ಷೆಯ ನಡುವೆ ಎದೆನೋವು, ತಲೆಸುತ್ತು, ಮುಖ ಬಿಳಚುವುದು, ಮಾತು ತೊದಲುವುದು ಕಂಡುಬಂದರೆ ಆ ಕ್ಷಣವೇ ನಿಲ್ಲಿಸಬೇಕು. ಯಾವನಾದರೂ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಒಬ್ಬರು ೧೦೮ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಎದೆಯ ನಟ್ಟನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ ೧೦೦ರಿಂದ ೧೨೦ರಂತೆ ಬಲವಾಗಿ ಒತ್ತುತ್ತಲೇ ಇರಬೇಕು.

ಬೇಕಾಗುವ ಸಾಮಾನು

ಸೆಕೆಂಡಿನ ಮುಳ್ಳಿರುವ ಗಡಿಯಾರ ಅಥವಾ ಕೈಯಲ್ಲಿರುವ ಮೊಬೈಲು, ಸಿಂಪಿಗನ ಅಳತೆಯ ಪಟ್ಟಿ, ಮಕ್ಕಳ ಒಂದು ಅಡಿಯ ಪಟ್ಟಿ, ಸೀಮೆಸುಣ್ಣ, ಗಟ್ಟಿ ದಾರ, ಒಂದು ದುಂಡು ಕಲ್ಲು, ಮನೆಯ ಮುಂದಿನ ಕಟ್ಟೆ, ಬರೆದಿಡಲು ಒಂದು ವಹಿ. ಇಷ್ಟೇ ಸಾಕು. ದಾರ ಮತ್ತು ಕಲ್ಲು ಏತಕ್ಕೆಂದು ವಾಚಕರು ಕೇಳಬಹುದು. ಅವು ತಾಳ ಹಾಕುವುದಕ್ಕೆ. ದಾರದ ಒಂದು ತುದಿಯನ್ನು ಗೂಟಕ್ಕೂ ಇನ್ನೊಂದನ್ನು ಕಲ್ಲಿಗೂ ಕಟ್ಟಿ, ಗೂಟದಿಂದ ಕಲ್ಲಿನ ನಡುವಿನ ತನಕ ಸರಿಯಾಗಿ ಒಂದು ಮೀಟರು ಇರುವಂತೆ ಮಾಡಿ ಮೆಲ್ಲಗೆ ತೂಗಿದರೆ, ಆ ಕಲ್ಲು ಹೋಗಿ ಬರುವುದಕ್ಕೆ ೨ ಸೆಕೆಂಡುಗಳು ಹಿಡಿಯುತ್ತವೆ. ದಾರವನ್ನು ೫೬ ಸೆಂಟಿಮೀಟರಿಗೆ ಇಳಿಸಿದರೆ ಒಂದೂವರೆ ಸೆಕೆಂಡು. ಕಲ್ಲು ಹಗುರವಿರಲಿ, ಭಾರವಿರಲಿ, ಈ ಕಾಲವು ಬದಲಾಗುವುದಿಲ್ಲ. ಇದರ ಉಪಯೋಗವು ಮುಂದೆ ತಿಳಿದೀತು.

ನಾಡಿಯನ್ನು ಎಣಿಸುವುದು

ಎಲ್ಲ ಪರೀಕ್ಷೆಗಳ ಬುನಾದಿಯು ನಾಡಿ. ನಾಡಿಯ ಗುಣವನ್ನು ಬೆರಳಿನಿಂದ ಅರಿಯುವ ವಿದ್ಯೆಯು ಬಹು ಪುರಾತನವಾದದ್ದು. ಆದರೆ ನಿಮಿಷಕ್ಕೆ ಇಷ್ಟು ಎಂದು ಎಣಿಸುವ ಪದ್ಧತಿಗೆ ಗಡಿಯಾರವೇ ಬೇಕಾಗಿತ್ತು. ಇಂಗ್ಲಂಡಿನ ವೈದ್ಯನಾದ ಸರ್ ಜಾನ್ ಫ್ಲಾಯರನು ಒಂದು ನಿಮಿಷ ನಡೆಯುವ ನಾಡಿಗಡಿಯಾರವನ್ನು ಮಾಡಿಸಿ, ೧೭೦೭ರಲ್ಲಿ ಅದನ್ನು ಕುರಿತು ಗ್ರಂಥ ಬರೆದನು. ಅಂದು ಅಪೂರ್ವವಾಗಿದ್ದ ಆ ಸಾಧನವು ಇಂದು ಪ್ರತಿಯೊಂದು ಮನೆಯಲ್ಲಿದೆ.

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಗೆ, ನಡುವಿನ ಮೂರು ಬೆರಳುಗಳನ್ನಿಟ್ಟು ಎಣಿಸಬೇಕು. ಹೆಬ್ಬೆರಳಿಗೆ ತನ್ನದೇ ಬಡಿತವಿರುವುದರಿಂದ ಅದನ್ನು ಉಪಯೋಗಿಸಬಾರದು. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮೊದಲೇ, ಪೂರ್ಣ ಒಂದು ನಿಮಿಷ ಎಣಿಸಿದ ಸಂಖ್ಯೆಯೇ ವಿಶ್ರಾಂತಿಯ ನಾಡಿ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ೬೦ರಿಂದ ೧೦೦ರ ಒಳಗಿರುತ್ತದೆ. ಚೆನ್ನಾಗಿ ತಯಾರಾದ ಓಟಗಾರರಲ್ಲಿ ೫೦ಕ್ಕೂ ಕೆಳಗೆ ಇಳಿಯುವುದುಂಟು. ಪಳಗಿದ ಹೃದಯವು ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕುವುದರಿಂದ ಕಡಿಮೆ ಬಡಿತಗಳಲ್ಲಿ ಕೆಲಸವನ್ನು ತೀರಿಸುತ್ತದೆ. ಒಬ್ಬ ಹುಡುಗನ ನಾಡಿಯು ನಿತ್ಯವೂ ೬೨ ಇದ್ದು, ಎರಡು ಮೂರು ದಿನ ಒಂದೇ ಸವನೆ ೭೦ರ ಮೇಲೆ ನಿಂತರೆ, ಅವನಿಗೆ ನಿದ್ದೆ ಸಾಲದು, ಇಲ್ಲವೆ ಶ್ರಮವು ಮಿತಿಮೀರಿದೆ, ಇಲ್ಲವೆ ಜ್ವರವು ಒಳಗೊಳಗೇ ಬರುತ್ತಿದೆಯೆಂದು ಶಂಕಿಸಬೇಕು. ಅಂದು ಗರಡಿಗೆ ಬಿಡುವು ಕೊಡುವುದೇ ಜಾಣತನವು.

ಮೂವತ್ತು ಬಸ್ಕಿಗಳ ಪರೀಕ್ಷೆ

ಫ್ರಾನ್ಸ ದೇಶದ ರುಫಿಯೇ ಎಂಬ ವೈದ್ಯನ ಹೆಸರಿನಿಂದ ನಡೆದುಬಂದಿರುವ ಈ ಪರೀಕ್ಷೆಯನ್ನು ನಮ್ಮ ಗರಡಿಯ ಬಸ್ಕಿಯೇ ನಡೆಯಿಸಿಕೊಡುತ್ತದೆ. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ನಾಡಿಯನ್ನು ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಇದು ಮೊದಲನೆಯ ಸಂಖ್ಯೆ. ತರುವಾಯ ೪೫ ಸೆಕೆಂಡುಗಳಲ್ಲಿ ಸರಿಯಾಗಿ ೩೦ ಬಸ್ಕಿಗಳನ್ನು ಹೊಡೆಯಬೇಕು. ೫೬ ಸೆಂಟಿಮೀಟರಿನ ದಾರದ ಕಲ್ಲು ಇಲ್ಲಿ ಕೆಲಸಕ್ಕೆ ಬರುತ್ತದೆ: ಕಲ್ಲು ಹೋಗುವಾಗ ಕುಳಿತು, ಬರುವಾಗ ಎದ್ದರೆ ತಾಳವು ತಪ್ಪುವುದಿಲ್ಲ. ಮುಗಿದ ಕೂಡಲೆ ನಾಡಿಯನ್ನು ಮತ್ತೆ ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಎರಡನೆಯ ಸಂಖ್ಯೆ. ಒಂದು ನಿಮಿಷದ ವಿಶ್ರಾಂತಿಯ ಬಳಿಕ ಹಾಗೆಯೇ ಎಣಿಸಿದರೆ ಮೂರನೆಯದು. ಮೂರನ್ನೂ ಕೂಡಿಸಿ, ೨೦೦ ಕಳೆದು, ಹತ್ತರಿಂದ ಭಾಗಿಸಬೇಕು.

ಉದಾಹರಣೆಗೆ: ೬೮, ೧೨೦, ೮೪ ಎಂದು ಬಂದರೆ ಮೊತ್ತವು ೨೭೨, ೨೦೦ ಕಳೆದರೆ ೭೨, ಭಾಗಿಸಿದರೆ ೭.೨. ಸೊನ್ನೆ ಅಥವಾ ಅದಕ್ಕೂ ಕೆಳಗೆ ಬಂದರೆ ಅತ್ಯುತ್ತಮ. ೫ರ ತನಕ ಒಳ್ಳೆಯದು. ೫ರಿಂದ ೧೦ ಸಾಧಾರಣ. ೧೦ರಿಂದ ೧೫ ಕ್ಷೀಣ. ೧೫ಕ್ಕೂ ಮೇಲಾದರೆ ಅಭ್ಯಾಸವನ್ನು ಬೆಳೆಸುವ ಮೊದಲು ವೈದ್ಯರಿಗೆ ತೋರಿಸುವುದು ಲೇಸು. ಅದೇ ಹುಡುಗನು ಕ್ರಮವಾಗಿ ಓಡಿ, ಮೂರು ತಿಂಗಳ ಮೇಲೆ ೬೪, ೧೦೮, ೬೮ ಎಂದು ತಂದರೆ ಅವನ ಅಂಕವು ೪ಕ್ಕೆ ಇಳಿದು, ಅವನು ಒಳ್ಳೆಯವರ ಪಂಕ್ತಿಗೆ ಸೇರುವನು. ಇಲ್ಲಿ ಇಳಿಕೆಯೇ ಏರಿಕೆ ಎಂಬುದನ್ನು ಮರೆಯಬಾರದು.

ಕಟ್ಟೆಯ ಪರೀಕ್ಷೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕೆಯ ಹಾರ್ವರ್ಡ ವಿಶ್ವವಿದ್ಯಾಲಯದ ‘ದಣಿವಿನ ಪ್ರಯೋಗಶಾಲೆ’ಯಲ್ಲಿ ಬ್ರೂಹಾ ಮತ್ತು ಅವನ ಸಂಗಡಿಗರು ತರುಣರ ಶ್ರಮಸಹಿಷ್ಣುತೆಯನ್ನು ಅಳೆಯಲು ಒಂದು ಉಪಾಯವನ್ನು ಕಂಡುಹಿಡಿದರು. ೨೦ ಅಂಗುಲ ಎತ್ತರದ ಕಟ್ಟೆಯನ್ನು ನಿಮಿಷಕ್ಕೆ ೩೦ ಸಲದಂತೆ ೫ ನಿಮಿಷ ಹತ್ತಿ ಇಳಿಯಬೇಕು. ನಿಮ್ಮ ಮನೆಯ ಕಟ್ಟೆಯ ಎತ್ತರವನ್ನು ಅಳೆದು ನೋಡಿರಿ. ಹೆಚ್ಚಿದ್ದರೆ ಕೆಳಗೆ ಗಟ್ಟಿಯಾದ, ಅಲುಗಾಡದ ಹಾಸುಗಲ್ಲನ್ನಿಡಬಹುದು. ಸ್ತ್ರೀಯರಿಗೆ ಇದಕ್ಕಿಂತ ಗಿಡ್ಡನ್ನ ಮೆಟ್ಟಿಲನ್ನು ಉಪಯೋಗಿಸುವ ರೂಢಿಯಿದೆ. ಒಂದು ಮೀಟರಿನ ದಾರದ ಕಲ್ಲನ್ನು ತೂಗಿಬಿಟ್ಟು, ಅದು ಹೋಗುವಾಗ ಎರಡೂ ಕಾಲು ಮೇಲೆ, ಬರುವಾಗ ಎರಡೂ ಕಾಲು ಕೆಳಗೆ ಎಂದು ಹೆಜ್ಜೆ ಹಾಕಿದರೆ ನಿಮಿಷಕ್ಕೆ ೩೦ ತಾನಾಗಿಯೇ ಆಗುತ್ತದೆ. ತೂಗಾಟವು ತಗ್ಗಿದರೆ ಪಕ್ಕದಲ್ಲಿದ್ದವರು ಮೆಲ್ಲಗೆ ನೂಕಬೇಕು.

ತಾಳವನ್ನು ೧೫ ಸೆಕೆಂಡುಗಳ ತನಕ ಹಿಡಿಯಲಾಗದೆ ಹೋದರೆ ಅಲ್ಲಿಗೆ ನಿಲ್ಲಿಸಿ, ನಡೆದ ಸೆಕೆಂಡುಗಳನ್ನು ಬರೆದುಕೊಳ್ಳಬೇಕು. ನಿಂತ ಮೇಲೆ ಕುಳ್ಳಿರಿಸಿ, ೧ ನಿಮಿಷ ಕಳೆದ ಮೇಲೆ ಅರ್ಧ ನಿಮಿಷ, ೨ ನಿಮಿಷ ಕಳೆದ ಮೇಲೆ ಅರ್ಧ ನಿಮಿಷ, ೩ ನಿಮಿಷ ಕಳೆದ ಮೇಲೆ ಅರ್ಧ ನಿಮಿಷ ಹೀಗೆ ಮೂರು ಸಲ ನಾಡಿಯನ್ನು ಎಣಿಸಬೇಕು. ಹತ್ತಿದ ಸೆಕೆಂಡುಗಳನ್ನು ನೂರರಿಂದ ಗುಣಿಸಿ, ಮೂರು ಎಣಿಕೆಗಳ ಮೊತ್ತದ ಎರಡರಷ್ಟರಿಂದ ಭಾಗಿಸಿದರೆ ಅಂಕವು ಸಿಕ್ಕುತ್ತದೆ. ಪೂರ್ಣ ೩೦೦ ಸೆಕೆಂಡು ಹತ್ತಿದವನ ಎಣಿಕೆಗಳು ೮೦, ೬೫, ೫೫ ಆಗಿದ್ದರೆ, ೩೦,೦೦೦ವನ್ನು ೪೦೦ರಿಂದ ಭಾಗಿಸಿ ೭೫. ೯೦ ಮತ್ತು ಮೇಲಾದರೆ ಉತ್ತಮ, ೮೦ರಿಂದ ೮೯ ಒಳ್ಳೆಯದು, ೬೫ರಿಂದ ೭೯ ಮೇಲುಸಾಧಾರಣ, ೫೫ರಿಂದ ೬೪ ಕೆಳಸಾಧಾರಣ, ಅದಕ್ಕೂ ಕೆಳಗೆ ಕ್ಷೀಣ. ದಣಿಯದವನು ಯಾವನೂ ಇಲ್ಲ. ದಣಿದ ಮೇಲೆ ಬೇಗ ಸುಧಾರಿಸಿಕೊಳ್ಳುವವನೇ ಬಲಶಾಲಿ ಎಂಬ ತತ್ತ್ವವು ಈ ಲೆಕ್ಕದಲ್ಲಿ ಅಡಗಿದೆ. ಕುಸ್ತಿಯ ಎರಡು ಸುತ್ತುಗಳ ನಡುವಿನ ಬಿಡುವಿನಲ್ಲಿ ಗೆಲವು ನಿರ್ಧಾರವಾಗುವುದೂ ಇದರಿಂದಲೇ.

ಹನ್ನೆರಡು ನಿಮಿಷಗಳ ಓಟ

೧೯೬೮ರಲ್ಲಿ ಅಮೇರಿಕೆಯ ವಾಯುಸೇನೆಯ ವೈದ್ಯ ಕೂಪರನು, ಒಬ್ಬನು ೧೨ ನಿಮಿಷಗಳಲ್ಲಿ ಎಷ್ಟು ದೂರ ಓಡಬಲ್ಲನೆಂಬುದರಿಂದ ಅವನ ದೇಹವು ಪ್ರಾಣವಾಯುವನ್ನು ಎಷ್ಟರ ಮಟ್ಟಿಗೆ ಬಳಸಬಲ್ಲದೆಂಬುದನ್ನು ಊಹಿಸಬಹುದೆಂದು ತೋರಿಸಿದನು. ಪ್ರಯೋಗಶಾಲೆಯ ದೊಡ್ಡ ಯಂತ್ರಗಳ ಅಳತೆಗೂ ಈ ಓಟದ ಅಳತೆಗೂ ಬಹಳ ಹತ್ತಿರದ ಹೊಂದಿಕೆಯು ಕಂಡುಬಂದಿತು. ಮೀಟರಿನಲ್ಲಿ ದೂರವನ್ನು ಬರೆದು, ೫೦೫ ಕಳೆದು, ೪೪.೭ರಿಂದ ಭಾಗಿಸಬೇಕು. ೨,೦೦೦ ಮೀಟರು ಓಡಿದವನಿಗೆ ೩೩, ೨,೪೦೦ಕ್ಕೆ ೪೨, ೨,೮೦೦ಕ್ಕೆ ೫೧ ಬರುತ್ತದೆ. ಇದು ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ನಿಮಿಷಕ್ಕೆ ಬಳಕೆಯಾಗುವ ಪ್ರಾಣವಾಯುವಿನ ಮಿಲಿಲೀಟರುಗಳ ಲೆಕ್ಕವು.

ಹೊಲದ ದಾರಿಯನ್ನು ಅಳೆಯುವುದು ಹೇಗೆ? ಸಾಯಿಕಲ್ಲಿನ ಗಾಲಿಗೆ ಒಂದು ಕಡೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತಿಗೆ ಅದು ಎಷ್ಟು ಮುಂದೆ ಹೋಯಿತೆಂದು ಪಟ್ಟಿಯಿಂದ ಅಳೆದುಕೊಳ್ಳಿರಿ. ಬಳಿಕ ಸಾಯಿಕಲ್ಲನ್ನು ನೂಕುತ್ತ ಸುತ್ತುಗಳನ್ನು ಎಣಿಸಿ ಗುಣಿಸಿದರೆ ದೂರವು ಸಿಕ್ಕುತ್ತದೆ. ೨೦೦ ಮೀಟರಿಗೊಂದರಂತೆ ಕಲ್ಲು ನೆಟ್ಟರೆ ಊರಿನ ಎಲ್ಲ ಹುಡುಗರಿಗೂ ಅದು ಶಾಶ್ವತವಾದ ಓಟದ ದಾರಿಯಾದೀತು. ಆದರೆ ಎರಡು ತಿಂಗಳಾದರೂ ಕ್ರಮವಾಗಿ ಓಡಿ ಅಭ್ಯಾಸವಿಲ್ಲದವನನ್ನು ಈ ಪರೀಕ್ಷೆಗೆ ಹಚ್ಚಬಾರದು. ಅಂಥವನಿಗೆ ಮಾತಿನ ಪರೀಕ್ಷೆಯೇ ಸಾಕು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು; ಅಂಥ ವೇಗವೇ ಆರಂಭದ ಅಭ್ಯಾಸಕ್ಕೆ ತಕ್ಕದ್ದು. ಹಾಡಲು ಬಂದರೆ ವೇಗವು ಸಾಲದು. ಮಾತೇ ಹೊರಡದಿದ್ದರೆ ಅದು ಅತಿಯಾಯಿತು.

ಬಲ, ಚುರುಕು, ಸಮತೋಲ

ತೋಳಿನ ಬಲಕ್ಕೆ ದಂಡಗಳನ್ನು ಎಣಿಸಬೇಕು. ಆದರೆ ಎಣಿಕೆಯು ಪ್ರಾಮಾಣಿಕವಾಗಿರಲಿ. ಎದೆಯ ಕೆಳಗೆ ನೆಲದ ಮೇಲೆ ಇನ್ನೊಬ್ಬನು ತನ್ನ ಮುಷ್ಟಿಯನ್ನಿಟ್ಟಿರಲಿ. ಎದೆಯು ಮುಷ್ಟಿಯನ್ನು ಮುಟ್ಟಿದ ದಂಡವೇ ದಂಡ, ಉಳಿದದ್ದು ಲೆಕ್ಕಕ್ಕಿಲ್ಲ. ಗರಡಿಯ ಬಾಗುದಂಡವೂ ಶಾಲೆಯ ನೆಟ್ಟನೆಯ ದಂಡವೂ ಬೇರೆ ಬೇರೆ; ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸಬಾರದು. ಬೇವಿನ ಗಿಡದ ಗಟ್ಟಿ ಟೊಂಗೆಗೆ ಜೋತುಬಿದ್ದು ಎಷ್ಟು ಸೆಕೆಂಡು ಹಿಡಿದಿರುವನೆಂಬುದು ಮುಷ್ಟಿಯ ಹಿಡಿತವನ್ನು ತಿಳಿಸುತ್ತದೆ.

ಕಾಲಿನ ಚಿಮ್ಮುಬಲವನ್ನು ಅಳೆಯುವ ಸುಲಭೋಪಾಯವನ್ನು ೧೯೨೧ರಲ್ಲಿ ಸಾರ್ಜಂಟನೆಂಬ ಅಮೇರಿಕೆಯ ವ್ಯಾಯಾಮಶಿಕ್ಷಕನು ಪ್ರಸಿದ್ಧಪಡಿಸಿದನು. ಇಂದು ಅದನ್ನು ಗೋಡೆಯ ಬದಿಯಲ್ಲಿ ಹೀಗೆ ಮಾಡುವರು. ಕೈ ಎತ್ತಿ ನಿಂತು, ಬೆರಳಿಗೆ ಸೀಮೆಸುಣ್ಣ ಸವರಿ ಒಂದು ಗುರುತು ಹಾಕಬೇಕು; ಓಡಿ ಬರದೆ, ನಿಂತಲ್ಲಿಂದಲೇ ಜಿಗಿದು ಇನ್ನೊಂದು ಗುರುತು ಹಾಕಬೇಕು. ಎರಡರ ನಡುವಿನ ಅಂತರವೇ ಜಿಗಿತದ ಅಳತೆ. ಮೂರು ಸಲ ಜಿಗಿದು ಹೆಚ್ಚಿನದನ್ನು ಬರೆದುಕೊಳ್ಳಬೇಕು.

ಕಣ್ಣು ಕೈಗಳ ಚುರುಕಿಗೆ ಒಂದು ಅಡಿಯ ಪಟ್ಟಿಯು ಸಾಕು. ಒಬ್ಬರು ಪಟ್ಟಿಯನ್ನು ನೇರವಾಗಿ ತೂಗುಹಾಕಿ ಹಿಡಿಯಬೇಕು. ಇನ್ನೊಬ್ಬರು ಅದರ ಸೊನ್ನೆಯ ಗುರುತಿನ ಬಳಿ ಬೆರಳುಗಳನ್ನು ತೆರೆದಿರಬೇಕು. ಹೇಳದೆ ಕೇಳದೆ ಬಿಟ್ಟಾಗ ಎಲ್ಲಿ ಹಿಡಿದರೆಂದು ನೋಡಬೇಕು. ಬೀಳುವ ವಸ್ತುವಿನ ವೇಗವು ಎಲ್ಲೆಡೆಯೂ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ೧೦ ಸೆಂಟಿಮೀಟರಿಗೆ ೦.೧೪ ಸೆಕೆಂಡು, ೨೦ಕ್ಕೆ ೦.೨೦, ೨೫ಕ್ಕೆ ೦.೨೩ ಎಂದು ಲೆಕ್ಕವು ಸಿಕ್ಕುತ್ತದೆ. ಹತ್ತು ಸಲ ಮಾಡಿ ಸರಾಸರಿ ತೆಗೆಯಬೇಕು. ಅಜ್ಜನೂ ಮೊಮ್ಮಗನೂ ಕೂಡಿ ಆಡಬಹುದಾದ ಪರೀಕ್ಷೆ ಇದು.

ಬಾಗುವಿಕೆಗೆ, ಕಾಲು ನೀಡಿ ಕುಳಿತು, ಮೊಣಕಾಲು ಎತ್ತದೆ ಕೈಚಾಚಿ, ಬೆರಳುಗಳು ಪಾದದಿಂದ ಎಷ್ಟು ಈಚೆಗೆ ಇಲ್ಲವೆ ಆಚೆಗೆ ಇವೆಯೆಂದು ಅಳೆಯಬೇಕು. ಸಮತೋಲಕ್ಕೆ, ಒಂಟಿ ಕಾಲಿನ ಮೇಲೆ ನಿಂತು ಎಷ್ಟು ಸೆಕೆಂಡು ಅಲುಗದೆ ಇರುವರೆಂದು ನೋಡಬೇಕು. ಎಡಗಾಲಿಗೂ ಬಲಗಾಲಿಗೂ ಬಹಳ ಅಂತರವಿದ್ದರೆ, ಹಳೆಯ ಉಳುಕೊಂದು ಪೂರ್ತಿ ಮಾಗಿಲ್ಲವೆಂದು ಅನುಮಾನಿಸಬಹುದು.

ತೂಕವನ್ನು ಇಳಿಸುವ ದುರಭ್ಯಾಸ

ಪೈಲವಾನರ ಮನೆಯವರು ವಿಶೇಷವಾಗಿ ಲಕ್ಷ್ಯವಿಡಬೇಕಾದ ವಿಷಯವೊಂದಿದೆ. ಕೆಳಗಿನ ತೂಕದ ವರ್ಗದಲ್ಲಿ ಆಡುವ ಆಶೆಯಿಂದ ಹುಡುಗರು ನೀರು ಬಿಟ್ಟು, ಮೈತುಂಬ ಬಟ್ಟೆ ಸುತ್ತಿಕೊಂಡು ಓಡಿ, ಬೆವರಿಳಿಸಿ ತೂಕವನ್ನು ತಗ್ಗಿಸುವರು. ಹೀಗೆಯೇ ಮಾಡಿ ೧೯೯೭ರ ನವೆಂಬರ, ಡಿಸೆಂಬರ ತಿಂಗಳುಗಳಲ್ಲಿ ಅಮೇರಿಕೆಯ ಮೂವರು ಕಾಲೇಜು ಕುಸ್ತಿಗಾರರು ಪ್ರಾಣ ಬಿಟ್ಟರು. ಅದರಿಂದ ಅಲ್ಲಿಯ ನಿಯಮಗಳನ್ನೇ ಬದಲಿಸಬೇಕಾಯಿತು. ಅಭ್ಯಾಸಕ್ಕೆ ಮುಂಚೆ ಮತ್ತು ನಂತರ ತೂಕವನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ. ತಾಸೆರಡು ತಾಸಿನಲ್ಲಿ ಇಳಿದ ಒಂದು ಕಿಲೋಗ್ರಾಮು ಎಂದರೆ ಕೊಬ್ಬು ಕರಗಿದ್ದಲ್ಲ, ಸುಮಾರು ಒಂದು ಲೀಟರು ನೀರು ಹೋದದ್ದು. ೬೦ ಕಿಲೋಗ್ರಾಮಿನವನು ೧.೨ ಕಿಲೋಗ್ರಾಮಿಗಿಂತ ಹೆಚ್ಚು ಕಳೆದುಕೊಂಡರೆ ಅವನ ದಮ್ಮು ಕುಗ್ಗತೊಡಗುತ್ತದೆ. ಮೂತ್ರವು ಕಡುಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಬೇಕು. ನೀರು ಮಜ್ಜಿಗೆಗಳನ್ನು ಕೊಟ್ಟು ಸುಧಾರಿಸಬೇಕಲ್ಲದೆ, ಬಾಯಾರಿದವನನ್ನು ಹೊಗಳಿ ಹುರಿದುಂಬಿಸಬಾರದು.

ಹೆಣ್ಣುಮಕ್ಕಳ ಪಾಲು

ಈ ಪರೀಕ್ಷೆಗಳು ಗಂಡುಮಕ್ಕಳಿಗೆ ಮಾತ್ರವೆಂದು ಯಾರೂ ತಿಳಿಯಬಾರದು. ೨೦೧೮ರ ಏಶಿಯಾದ ಕ್ರೀಡಾಕೂಟದಲ್ಲಿ ಕುರಾಶ ಎಂಬ ಮಲ್ಲವಿದ್ಯೆಯಲ್ಲಿ ಕಂಚಿನ ಪದಕವನ್ನು ತಂದ ಮಲಪ್ರಭಾ ಜಾಧವ ಅವರು ನಮ್ಮ ಬೆಳಗಾವಿ ಜಿಲ್ಲೆಯವರೇ. ಸವದತ್ತಿ ರಾಮದುರ್ಗಗಳಿಗೆ ನೀರುಣಿಸುವ ಹೊಳೆಯ ಹೆಸರೇ ಅವರ ಹೆಸರು. ಆದರೆ ಮನೆಯಲ್ಲಿ ಹೆಣ್ಣುಮಗಳು ‘ಯಾಕೋ ದಣಿವು’ ಎಂದಾಗ ಅದನ್ನು ಮೈಗಳ್ಳತನವೆಂದು ಕಡೆಗಣಿಸುವ ರೂಢಿಯುಂಟು. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವರ್ಷಗಳ ಸ್ತ್ರೀಯರಲ್ಲಿ ೧೦೦ಕ್ಕೆ ೫೭ ಜನರಲ್ಲಿ ರಕ್ತಹೀನತೆಯಿರುತ್ತದೆ. ರಕ್ತದಲ್ಲಿ ಕೆಂಪು ಕಡಿಮೆಯಾದರೆ, ಅದೇ ಪ್ರಾಣವಾಯುವನ್ನು ಸಾಗಿಸಲು ಹೃದಯವು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಆದಕಾರಣ ಕ್ರಮವಾಗಿ ಅಭ್ಯಾಸ ಮಾಡಿದರೂ ಹುಡುಗಿಯ ನಾಡಿಯು ಇಳಿಯದಿದ್ದರೆ, ಬಸ್ಕಿಯ ಅಂಕವು ಕೆಡುತ್ತಲೇ ಹೋದರೆ, ಕೆಳರೆಪ್ಪೆಯ ಒಳಬದಿಯು ಬಿಳುಪಾಗಿದ್ದರೆ, ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿಸಬೇಕು. ಬಸ್ಕಿಯ ಲೆಕ್ಕದಿಂದ ಹೊರಬಿದ್ದ ಈ ಒಂದು ಸೂಚನೆಯು ಅವಳ ಮುಂದಿನ ಬಾಳನ್ನೇ ತಿದ್ದಬಹುದು.

ವಹಿಯಲ್ಲಿ ಬರೆಯುವುದು

ಪರೀಕ್ಷೆಯ ಫಲವೆಲ್ಲವೂ ವಹಿಯಲ್ಲಿದೆ. ದಿನಾಲು ಪರೀಕ್ಷೆ ಮಾಡುವುದು ಬಿತ್ತಿದ ಬೀಜವನ್ನು ಕೆದರಿ ನೋಡಿದಂತೆ. ವಿಶ್ರಾಂತಿಯ ನಾಡಿಯನ್ನು ಮಾತ್ರ ನಿತ್ಯವೂ ಎಣ���ಸಿ, ಉಳಿದವುಗಳನ್ನು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಅಮಾವಾಸ್ಯೆಯ ಬೆಳಗು ಇದಕ್ಕೆ ಅನುಕೂಲವಾದದ್ದು; ಲೆಕ್ಕವು ತಪ್ಪುವುದಿಲ್ಲ, ಬೇಸಾಯಕ್ಕೂ ಬಿಡುವಿರುತ್ತದೆ. ಎಲ್ಲವನ್ನೂ ಒಂದೇ ದಿನ ಮಾಡಬಾರದು. ಜಿಗಿತ, ಪಟ್ಟಿ, ಸಮತೋಲಗಳು ಮೊದಲು. ಬಲದ ಪರೀಕ್ಷೆಗಳು ಆ ಮೇಲೆ. ದಮ್ಮಿನ ಪರೀಕ್ಷೆಗಳಲ್ಲಿ ಯಾವುದಾದರೂ ಒಂದು ಕೊನೆಗೆ. ಪ್ರತಿಸಲವೂ ಅದೇ ಹೊತ್ತು, ಅದೇ ಕಟ್ಟೆ, ಅದೇ ದಾರವಿರಬೇಕು. ತಾರೀಖು, ತೂಕ, ನಾಡಿ, ಅಂಕಗಳಲ್ಲದೆ, ಹಿಂದಿನ ರಾತ್ರಿಯ ನಿದ್ದೆಯೆಷ್ಟು, ಹೊಲದ ಕೆಲಸವಿತ್ತೋ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಬೇಕು.

ಒಂದು ಮಾತನ್ನು ಮಾತ್ರ ಗೃಹಸ್ಥರಲ್ಲಿ ಒತ್ತಿ ಹೇಳುವೆವು. ಅಣ್ಣನ ಅಂಕವನ್ನು ತಮ್ಮನಿಗೆ, ನೆರೆಮನೆಯವನ ಅಂಕವನ್ನು ಮಗನಿಗೆ ತೋರಿಸಿ ಹೀಗಳೆಯಬಾರದು. ಪ್ರತಿಯೊಬ್ಬರಿಗೂ ವಹಿಯಲ್ಲಿ ಬೇರೆ ಹಾಳೆಯಿರಲಿ. ಹೋಲಿಕೆಯು ಹೋದ ತಿಂಗಳಿನ ಸಾಲಿಗೂ ಈ ತಿಂಗಳಿನ ಸಾಲಿಗೂ ನಡೆಯಲಿ. ಮನೆಯ ಪರೀಕ್ಷೆಯು ವೈದ್ಯನ ಪರೀಕ್ಷೆಗೆ ಬದಲಲ್ಲ. ವೈದ್ಯನ ಬಳಿಗೆ ಯಾವಾಗ ಹೋಗಬೇಕೆಂಬುದನ್ನು ತಿಳಿಸುವ ಕೈಮರವು. ಹಾಗೆ ಹೋಗುವಾಗ ಈ ವಹಿಯನ್ನೂ ಒಯ್ಯಿರಿ. ಆರು ತಿಂಗಳ ನಾಡಿಯ ಲೆಕ್ಕವನ್ನು ಕಂಡರೆ, ಹುಡುಗನು ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿಗಳು ವೈದ್ಯರಿಗೆ ಅದರಿಂದ ತಿಳಿಯುವವು. ಇಂದು ರಾತ್ರಿಯೇ ಒಂದು ವಹಿಯನ್ನು ತೆಗೆದು, ಮಕ್ಕಳ ಹೆಸರುಗಳನ್ನು ಬರೆದಿಟ್ಟು, ನಾಳೆ ಬೆಳಗಿಗೆ ಅವರು ಹಾಸಿಗೆ ಬಿಡುವ ಮುನ್ನ ಮಣಿಕಟ್ಟಿನ ಮೇಲೆ ಮೂರು ಬೆರಳನ್ನಿಡಿರಿ.